ಇಲಿ ತಿಂದ ಕಿವಿ

ಬಹಳ ಹಿಂದೆ, ನೀಲಗೋಡು ಎಂಬ ರಾಜ್ಯದಲ್ಲಿ ಕೆಂಡಗಣ್ಣ ಎಂಬ ಮಾಂತ್ರಿಕನಿದ್ದ. ತನಗೆ ಕೈಮುಗಿಯದವರನ್ನು ಆಟಿಕೆ, ದೀಪ, ಬೊಂಬೆ ಮಾಡಿ ಗುಹೆಯಲ್ಲಿ ಇಡುತ್ತಿದ್ದ.

ಚಿತ್ರಗಾರ ಭರಮಣ್ಣನ ಹೆಂಡತಿ ಸಿರಿಯವ್ವ ಕೈಮುಗಿಯಲಿಲ್ಲ. ಮರದ ಬೊಂಬೆಯಾದಳು. ಅಂದಿನಿಂದ ಭರಮಣ್ಣ ಊಟಕ್ಕೆ ಎರಡು ಎಲೆ ಹಾಕುತ್ತಿದ್ದ. ಒಂದನ್ನು ಹಾಗೇ ಮಡಚಿ ಎತ್ತುತ್ತಿದ್ದ. ವರ್ಷಗಳು ಹೋದವು. ಕೊನೆಗೆ ಕುಂಚ, ಬಣ್ಣ, ನೀರಿನ ಕುಡಿಕೆ ಹಿಡಿದು ಗುಹೆಗೆ ನಡೆದ.

ಬಾಗಿಲಲ್ಲಿ ಕಲ್ಲಿನ ಸಿಂಹ ಕೂತಿತ್ತು.

"ಏನು ಬೇಕಯ್ಯಾ?"

"ಹೆಂಡತಿ."

"ಒಳಗಿನ ಮೂರು ವಸ್ತುಗಳ ಚಿತ್ರ ಬರೆ. ಇದ್ದದ್ದು ಇದ್ದ ಹಾಗೆ. ಮೂರೂ ಸರಿಯಾದರೆ ಗುಹೆಯ ಮಾಟವೆಲ್ಲ ಮುರಿಯುತ್ತದೆ. ತಪ್ಪಿದರೆ ಕಾಲಿನಿಂದ ಮರವಾಗುತ್ತಾ ಬರುತ್ತೀಯ. ಕೈ ಮರವಾಗುವ ಮೊದಲು ತಿದ್ದಿಕೋ."

ಮೊದಲನೆಯದು ಮರದ ಬಸವ. ಒಂದು ಕೊಂಬು ಮುರಿದಿತ್ತು. ಮುರಿದ ಹಾಗೆಯೇ ಬರೆದ. ಸಿಂಹ ಮೂಸಿ, "ಸರಿ" ಎಂದಿತು. ಬಸವ ದನಗಾಹಿಯಾಗಿ ಮೈಮುರಿದ.

ಎರಡನೆಯದು ಹಿತ್ತಾಳೆ ದೀಪ. ಮಸಿ, ಜಿಡ್ಡು ಯಾವುದನ್ನೂ ಬಿಡದೆ ಬರೆದ. "ಸರಿ." ದೀಪ ಅಜ್ಜಿಯಾಯಿತು. "ಒಬ್ಬರಾದರೂ ತೊಳೆದರೇ?" ಎಂದು ಗೊಣಗಿದಳು.

ಮೂರನೆಯದು ಸಿರಿಯವ್ವ. ನುಣುಪು ಕೆನ್ನೆ ಬರೆದ. ಕಪ್ಪು ಕೂದಲು ಬರೆದ. ಎರಡು ಕಿವಿ, ಎರಡು ಓಲೆ ಬರೆದ.

"ಯಾರಿದು?" ಎಂದಿತು ಸಿಂಹ.

"ನನ್ನ ಹೆಂಡತಿ."

"ನಿನ್ನ ನೆನಪಿನಲ್ಲಿರುವವಳು. ಎದುರಿಗಿರುವವಳನ್ನು ನೀನು ನೋಡಲೇ ಇಲ್ಲ."

ಅವನ ಪಾದ ಮರವಾಯಿತು. ಮೊಣಕಾಲು ಮರವಾಯಿತು. ಆಗ ನೋಡಿದ. ಕೆನ್ನೆ ಬಿರುಕು ಬಿಟ್ಟಿತ್ತು. ತಲೆಯ ಕಪ್ಪು ಉದುರಿ ಬಿಳಿ ಮರ ಕಾಣುತ್ತಿತ್ತು. ಎಡಗಿವಿಯನ್ನು ಇಲಿ ತಿಂದಿತ್ತು. ತಾನು ಬರುವುದು ತಡವಾಗಿತ್ತು.

ಸೊಂಟ ಮರವಾಯಿತು. ಕುಡಿಕೆಯಲ್ಲಿ ನೀರು ಮುಗಿದಿತ್ತು. ಕಣ್ಣಲ್ಲಿತ್ತು. ಅದರಲ್ಲೇ ಬಣ್ಣ ಕಲಸಿ, ಬಿರುಕು ಬರೆದ. ಬಿಳುಪು ಬರೆದ. ಇಲ್ಲದ ಕಿವಿಯನ್ನು ಇಲ್ಲದ ಹಾಗೆ ಬರೆದ.

ಸಿಂಹ ಬೊಂಬೆ ಮೂಸಿತು, ಚಿತ್ರ ಮೂಸಿತು. ಯಾವುದು ಯಾವುದೆಂದು ತಿಳಿಯದೆ ಚಿತ್ರವನ್ನು ನೆಕ್ಕಿತು. "ಸರಿ."

ಮಾಟ ಮುರಿಯಿತು. ಭರಮಣ್ಣನ ಕಾಲಿಗೆ ಮತ್ತೆ ಜೀವ ಬಂತು. ಗುಹೆಯ ಬೊಂಬೆಗಳೆಲ್ಲ ಮನುಷ್ಯರಾದವು. ಕೆಂಡಗಣ್ಣ ಒಡಕು ಮಡಕೆಯಾದ. ಅದರ ಚಿತ್ರವನ್ನು ಯಾರೂ ಬರೆಯಲಿಲ್ಲ.

ಸಿರಿಯವ್ವ ತಲೆ ಮುಟ್ಟಿಕೊಂಡಳು. "ನನ್ನ ಕಿವಿ?"

"ಇಲಿ ತಿಂತು."

"ಅದನ್ನೂ ಬರೆದಿರಾ?"

"ಬರೆದೆ."

ಅವಳು ಅವನನ್ನು ಬಹಳ ಹೊತ್ತು ನೋಡಿದಳು. "ನೀವೂ ಮುದುಕರಾಗಿದ್ದೀರಿ."

"ಹೂಂ. ನಡಿ."

ಕಾಣೆಯಾಗಿದ್ದವರು ನೀಲಗೋಡಿನ ತಮ್ಮ ತಮ್ಮ ಮನೆಗೆ ಮರಳಿದರು, ಎಲ್ಲರೂ ಸುಖವಾಗಿ ಬಾಳಿದರು. ಭರಮಣ್ಣ ಅಂದೂ ಎರಡು ಎಲೆ ಹಾಕಿದ. ಎರಡರಲ್ಲೂ ಉಂಡರು.