ಮೊಗುಲಪ್ಪನ ಕಂಬಳಿ

"ನಾ ಕಳ್ಳಿ ಅಲ್ರೀ ಜಮಾದಾರ್ರೇ," ಎಂದಳು ರಜಿತಾ. ಅಳಲಿಲ್ಲ. ಮಕ್ತಲ್‌ನ ನಿವೃತ್ತ ಪೊಲೀಸ್ ಜಮಾದಾರ ಶಿವಶಂಕರಪ್ಪನವರ ಕಟ್ಟೆಯ ಮೇಲೆ, ಬಟ್ಟೆಯ ಚೀಲವನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿದ್ದಳು.

ಜಮಾದಾರರ ಪತ್ತೇದಾರಿಕೆಗೆಲ್ಲ ಆಟೋ ಓಡಿಸುತ್ತಿದ್ದ ಮಹೇಂದರ ಅವಳ ಪಕ್ಕ ನೀರಿನ ತಂಬಿಗೆ ತಂದಿಟ್ಟ. ಕಾಣೆಯಾದದ್ದಾದರೂ ಎಂಥ ವಸ್ತು! ಅವಳ ಗಂಡ ಅಂಜನಕುಮಾರನ ಮುತ್ತಾತ ಮೊಗುಲಪ್ಪ, ಕುರಿ ಕಾಯುತ್ತಲೇ ನಿಜಾಮರ ಕಾಲದ ಶಾಸನಸಭೆಗೆ ಹೋದವನು. ಶೇರ್ವಾನಿಗಳ ನಡುವೆ ಕರಿ ಕಂಬಳಿ ಹೊದ್ದು, ಹುಲ್ಲುಗಾವಲಿನ ತೆರಿಗೆ ಇಳಿಸುವ ತನಕ ಕೂರುವುದಿಲ್ಲ ಎಂದು ನಿಂತೇ ಇದ್ದ ಪುಣ್ಯಾತ್ಮ. ತೆರಿಗೆ ಇಳಿಯಿತು, ಮುಂದೆ ಅವನನ್ನು ಸಭೆಗೆ ಯಾರೂ ಕರೆಯಲಿಲ್ಲ. ಆ ಕಂಬಳಿಯನ್ನು ಗದ್ವಾಲ್‌ನ ಹೊಸ ವಸ್ತುಸಂಗ್ರಹಾಲಯಕ್ಕೆ ಕೊಡಲೆಂದು ಇವತ್ತು ಪೆಟ್ಟಿಗೆ ತೆಗೆದರೆ, ಖಾಲಿ.

"ಮೊನ್ನೆ ಅತ್ತಿ ತೀರಿಕೊಂಡ್ರಲ್ರೀ. ಅವರಿಗೆ ಕಂಬಳಿ ಹೊಚ್ಚಿ ಗಂಡಸ್ರೆಲ್ಲ ಮಣ್ಣಿಗೆ ಹೋದ್ರು, ಮನ್ಯಾಗ ನಾ ಒಬ್ಬಾಕೀನ ಉಳಿದಿದ್ದೆ. ಅವಾಗ್ಲೇ ಮುತ್ತಾತನ ಕಂಬಳಿ ಮಾರಿದಿ ಅಂತಾರ ನಮ್ಮ ಮನಿಯವ್ರು. ಸಂಜಿ ಬಸ್ಸಿಗೆ ಕೆ.ಟಿ. ದೊಡ್ಡಿಗೆ, ತವರಿಗೆ ಹೋಗು ಅಂದಾರ."

"ಆಟೋದಾಗ ಕೂಡವ್ವ," ಎಂದರು ಜಮಾದಾರರು.

ಮನೆಯಲ್ಲಿ ಮಾವ ಕುರುಮಯ್ಯ ಕಂಬಕ್ಕೆ ಒರಗಿ ಎತ್ತಲೋ ನೋಡುತ್ತಿದ್ದ. ಮುಂದಿಟ್ಟ ಚಹಾ ಕೆನೆಗಟ್ಟಿತ್ತು. ಪೆಟ್ಟಿಗೆಯ ಬೀಗ ಮುರಿದಿರಲಿಲ್ಲ. ಕೀಲಿ ಎಂದಿನಂತೆ ದೇವರ ಗೂಡಿನ ಮೊಳೆಯಲ್ಲಿತ್ತು. ಕೊಂಡಿಗೆ ಅರಿಶಿನದ ಪುಡಿ ಮೆತ್ತಿತ್ತು. ಹೊರಸಿನ ಮೇಲೆ ಕೆಂಪಂಚಿನ ಕಂಬಳಿಯೊಂದು ಮಡಿಸಿಟ್ಟಿತ್ತು.

"ಇದು ಯಾರ್ದು?" ಎಂದರು ಜಮಾದಾರರು.

"ನಮ್ಮವ್ವಂದು. ದಿನಾ ಇದನ್ನೇ ಹೊದ್ಕೊಂತಿದ್ಲು," ಎಂದ ಅಂಜನಕುಮಾರ.

ಜಮಾದಾರರು ಮೀಸೆ ಸವರಿಕೊಂಡರು. ಗಂಟು ಬಿಚ್ಚಿತು ಎಂದುಕೊಂಡ ಮಹೇಂದರ. ಅವರು ಎಲ್ಲರನ್ನೂ ಅಂಗಳದಲ್ಲಿ ಕೂಡಿಸಿದರು.

"ಪೆಟ್ಟಿಗಿ ಕೊಂಡಿಗೆ ಅರಿಶಿನ, ಮೈಲಾರನ ಭಂಡಾರ ಮೆತ್ತೈತಿ. ಅವತ್ತು ನಿಮ್ಮವ್ವ ಕಿಷ್ಟಮ್ಮನ ಹಣಿಗೆ ಭಂಡಾರ ಹಚ್ಚಿದ್ದು ಯಾರು?"

"ಅಪ್ಪ," ಎಂದ ಅಂಜನಕುಮಾರ.

"ಸತ್ತವರ ಕಂಬಳಿ ಅವರ ಸಂಗಟ ಮಣ್ಣಿಗೆ ಹೋಗೋದು ನಿಮ್ಮ ಮಂದಿ ಪದ್ಧತಿ. ಹೊಚ್ಚಾವ ಗಂಡನೇ. ಅಕಿ ಕಂಬಳಿ ನೋಡಿದ್ರ ಇಲ್ಲೇ ಐತಿ. ಹಂಗಾದ್ರ ಅಕಿ ಹೊದ್ಕೊಂಡು ಹೋಗಿದ್ದು ಯಾವುದು?"

ಅಂಜನಕುಮಾರ ಅಪ್ಪನತ್ತ ತಿರುಗಿದ. "ಮ್ಯಾಲೆ ಬರೀ ಹೂವು ಇದ್ವು... ಯಾರು ನೋಡ್ತಾರ್ರೀ..."

ಜಮಾದಾರರು ಮುದುಕನ ಪಕ್ಕ ಕುಕ್ಕುರುಗಾಲಲ್ಲಿ ಕೂತರು. "ಕುರುಮಯ್ಯ, ಸೊಸಿ ಮನಿ ಬಿಟ್ಟು ಹೊಂಟಾಳ. ನೀ ಹೊಚ್ಚಿದ ಕಂಬಳಿ ಅಕಿ ಕದ್ದಾಳಂತ."

ಕುರುಮಯ್ಯ ನಿದ್ದೆಯಿಂದ ಎದ್ದವನ ಹಾಗೆ ನೋಡಿದ. "ಯಾರಂದ್ರು? ನನಗೇನೂ ಕೇಳ್ಸಿಲ್ರೀ." ನೆಟ್ಟಗಾಗಿ ಸೊಸೆಯತ್ತ ನೋಡಿದ. "ಕಡೀ ದಿನ ಚಳಿ ಚಳಿ ಅಂದ್ಲು. ತನ್ನ ಕಂಬಳಿ ಹೊಚ್ಚಿದ್ರೂ ಚಳಿ ಅಂದ್ಲು. ಅದಕ್ಕಿಂತ ದಪ್ಪಂದು ಮನ್ಯಾಗ ಅಜ್ಜಂದೊಂದೇ ಇತ್ತು."

ಮಹೇಂದರ ತಲೆಯ ರುಮಾಲು ತೆಗೆದ.

"ಗದ್ವಾಲ್‌ನವರಿಗೆ ಏನು ಹೇಳ್ಲಿ?" ಎಂದ ಅಂಜನಕುಮಾರ.

"ಅದಿರ್ಲಿ ಮಾರಾಯ, ಹೆಂಡ್ತಿಗೆ ಏನು ಹೇಳ್ತಿ ನೋಡು ಮೊದ್ಲು."

ಅವನು ಹೆಂಡತಿಯ ಚೀಲ ಕೈಗೆತ್ತಿಕೊಂಡ. ರಜಿತಾ ಕೆಂಪಂಚಿನ ಕಂಬಳಿ ತಂದು ಮಾವನ ಹೆಗಲಿಗೆ ಹೊದಿಸಿದಳು. ಮಣ್ಣಿನ ದಿನ ಒಂದು ಹನಿ ಕಣ್ಣೀರು ಹಾಕದ ಮುದುಕ ಅದರ ಅಂಚು ಮುಖಕ್ಕೆ ಒತ್ತಿಕೊಂಡು ಗೊಳೋ ಎಂದು ಅತ್ತುಬಿಟ್ಟ.

"ಚೀಲ ಒಳಗ ಇಡ್ರಿ," ಎಂದಳು ರಜಿತಾ, ಗಂಡನ ಮುಖ ನೋಡದೆ. "ಮಾವಗ ಅನ್ನ ಮಾಡಾಕ ಹೊತ್ತಾತು."