ಪೈನ್ ಮರದ ನೂರನೆಯ ಗೆರೆ

ಗ್ರಂಥಾಲಯದ ಕಿಟಕಿಯಿಂದ ಅವಳಿಗೆ ಕಂಡದ್ದು ಇಷ್ಟೇ: ಅಪರಿಚಿತನೊಬ್ಬ ಅಂಗಳದ ಪೈನ್ ಮರಕ್ಕೆ ಭುಜವೊತ್ತಿ ನಿಂತು, ಬೈರಿಗೆಯೊಂದನ್ನು ಅದರ ಕಾಂಡದೊಳಕ್ಕೆ ತಿರುಗಿಸುತ್ತಿದ್ದ.

ಗ್ರಂಥಪಾಲಕಿ ಕೈಯಲ್ಲಿದ್ದ ಪುಸ್ತಕವನ್ನು ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಬಂದವಳೇ, ಮರಕ್ಕೂ ಅವನಿಗೂ ನಡುವೆ ಕೈ ಅಡ್ಡ ಚಾಚಿದಳು.

"ಯಾರ್ರೀ ನೀವು? ಕಡಿಯೋ ತೀರ್ಮಾನ ಇನ್ನೂ ಆಗಿಲ್ಲ. ಅಣ್ಣ ಕಳಿಸಿದ್ನಾ?"

"ಕಡಿಯೋಕೆ ಬಂದಿಲ್ಲ ಮೇಡಂ. ಮರದ ವಯಸ್ಸು ನೋಡೋಕೆ ನಗರಸಭೆಯವರು ಕಳಿಸಿದ್ದು."

"ವಯಸ್ಸು ಕೇಳೋಕೆ ಎದೆಗೆ ಚುಚ್ತಾರಾ?"

"ಬಾಯಲ್ಲಿ ಕೇಳಿ ನೋಡಿದೆ, ಹೇಳಲಿಲ್ಲ." ಅವನ ಕಣ್ಣಂಚಿನಲ್ಲಿ ನಗು ಮಿನುಗಿತು. "ಒಂಚೂರು ಸರೀತೀರಾ? ಅರ್ಧಕ್ಕೆ ನಿಲ್ಲಿಸಿದ್ರೆ ಬೈರಿಗೆ ಒಳಗೇ ಕಚ್ಕೊಂಡುಬಿಡುತ್ತೆ."

ಅವಳು ಸರಿಯಲಿಲ್ಲ. ಯಾರ ಆದೇಶ, ಎಷ್ಟು ಆಳ, ಗಾಯ ಮಾಯುತ್ತದೆಯೋ ಇಲ್ಲವೋ, ಎಲ್ಲವನ್ನೂ ವಿಚಾರಿಸಿ ಮುಗಿಸುವಷ್ಟರಲ್ಲಿ ಮರದ ರಾಳ ತನ್ನ ಕೆಲಸ ಮಾಡಿತ್ತು. ಅವನು ಹಿಡಿಯನ್ನು ಒಮ್ಮೆ ಅಲುಗಿಸಿ ನೋಡಿ, ನಿಟ್ಟುಸಿರಿಟ್ಟ.

"ಕಚ್ಕೊಂಡ್ತು."

"ಈಗ?"

"ಈಗ ಆ ಕಡೆ ಹಿಡಿ ನೀವು ಹಿಡ್ಕೋಬೇಕು."

ಇಬ್ಬರೂ ಎದುರುಬದುರು ನಿಂತು ತಿರುಗಿಸಿದರು. ರಾಳದ ಗಂಧ ಸುತ್ತಲೂ ಹರಡಿತು. ಅವಳ ಹಣೆಯ ಮೇಲೊಂದು ಕುರುಳು ಜಾರಿತು. ಅದನ್ನು ಸರಿಪಡಿಸಲು ಅವಳಿಗೆ ಕೈ ಬಿಡುವಿರಲಿಲ್ಲ, ನೋಡದಿರಲು ಅವನಿಗೆ ಮನಸ್ಸಿರಲಿಲ್ಲ. ಬೈರಿಗೆ ಸಡಿಲಗೊಂಡಾಗ, ಯಾಕೋ, ಇಬ್ಬರಿಗೂ ಅದು ತುಸು ಬೇಗನೆ ಸಡಿಲಿತೆನಿಸಿತು.

ಆ ಮರದ ಕೆಳಗೆ ಸಂಜೆಯ ಹೊತ್ತು ಅವಳು ಮಕ್ಕಳಿಗೆ ಕಥೆ ಓದುತ್ತಿದ್ದಳು. ಅದೇ ಜಾಗದಲ್ಲಿ ಹೊಸ ವಾಚನಾಲಯ ಏಳಬೇಕೆಂದು ಎಂಜಿನಿಯರನಾದ ಅವಳ ಅಣ್ಣನೇ ನಕ್ಷೆ ಬರೆದಿದ್ದ. ನಗರಸಭೆಯ ನಿಯಮವೊಂದೇ ಅವಳ ಆಸರೆ: ನೂರು ವರ್ಷ ತುಂಬಿದ ಮರಕ್ಕೆ ಕೊಡಲಿ ತಾಕುವಂತಿಲ್ಲ.

ಪೆನ್ಸಿಲಿಗಿಂತ ತೆಳ್ಳಗೆ ಹೊರಬಂದ ಮರದ ಕಡ್ಡಿಯನ್ನು ಅವನು ನುಣ್ಣಗೆ ಉಜ್ಜಿ, ಗ್ರಂಥಾಲಯದ ಮೇಜಿನ ಮೇಲೆ ಭೂತಗನ್ನಡಿಯ ಕೆಳಗಿಟ್ಟ.

"ತಿಳಿ ಬಣ್ಣದ ಪಟ್ಟಿ ಇದೆಯಲ್ಲ, ಅದು ವರ್ಷದ ಮೊದಲ ಬೆಳವಣಿಗೆ. ಆಮೇಲೆ ಚಳಿಗೆ ಮುಂಚೆ ಈ ಕಪ್ಪು ಗೆರೆ ಬರುತ್ತೆ. ಎರಡೂ ಸೇರಿದ್ರೆ ಒಂದು ವರ್ಷ."

"ಇಲ್ಲಿ ಗೆರೆಗಳು ಒತ್ತೊತ್ತಾಗಿವೆ."

"ಆಗ ನೀರಿಗೆ ಕಷ್ಟಪಟ್ಟಿದೆ, ಪಾಪ."

ಆ 'ಪಾಪ' ಎಂಬ ಮಾತಿಗೆ ಅವಳು ತಲೆಯೆತ್ತಿ ಅವನನ್ನು ನೋಡಿದಳು. ಬೈರಿಗೆ ಹಿಡಿದವನ ಬಾಯಲ್ಲಿ ಅಷ್ಟು ಮಾರ್ದವವನ್ನು ಅವಳು ನಿರೀಕ್ಷಿಸಿರಲಿಲ್ಲ.

ಎಣಿಕೆ ತೊಂಬತ್ತಕ್ಕೆ ನಿಂತಿತು. ಚುಚ್ಚಿದ್ದು ಎದೆಯೆತ್ತರದಲ್ಲಾದ್ದರಿಂದ, ಸಸಿ ಅಷ್ಟೆತ್ತರಕ್ಕೆ ಬೆಳೆಯಲು ಬೇಕಾದ ಐದು ವರ್ಷಗಳನ್ನು ಕೂಡಿಸಿ, ಅವನು ಮೆಲ್ಲಗೆ ಹೇಳಿದ: "ತೊಂಬತ್ತೈದು."



"ಐದೇ ವರ್ಷ," ಎಂದಳು ಅವಳು. "ಸಸಿ ಬೆಳೆಯೋಕೆ ಹತ್ತು ವರ್ಷ ಹಿಡೀತು ಅಂತ ಬರೆದ್ರೆ ಯಾರು ಕೇಳ್ತಾರೆ?"

"ಓದುವವರು ಅಳ್ತಾರೆ ಅಂತ ನೀವು ಪುಸ್ತಕದ ಕೊನೆ ಪುಟ ಬದಲಾಯಿಸ್ತೀರಾ?"

ಅವಳು ಮೇಜಿನ ಮೇಲಿದ್ದ ಪುಸ್ತಕವನ್ನು ದೂರ ಸರಿಸಿದಳು.

"ಮರದೊಳಗೆ ದೇವರು ಬರೆದಿದ್ದನ್ನ ನಾನು ಓದಬಹುದು ಅಷ್ಟೇ. ತಿದ್ದೋಕೆ ನನ್ನ ಕೈಲಾಗಲ್ಲ. ನೀವೇ ಕೇಳಿದ್ರೂ." ಕೊನೆಯ ಮಾತು ಬಾಯಿ ತಪ್ಪಿ ಬಂದಿತ್ತು. ಅವನ ಕಿವಿ ಕೆಂಪಾಯಿತು. ಕೋಪದಲ್ಲಿದ್ದ ಅವಳಿಗೂ ಅದು ಕಾಣದೆ ಹೋಗಲಿಲ್ಲ.

ಅಂದು ಮನೆಯಲ್ಲಿ ಅಣ್ಣ ಛೇಡಿಸಿದ: "ಏನು ಪುಟ್ಟಿ, ನಿನ್ನ ಮರದ ಡಾಕ್ಟರು ಕೈ ಎತ್ತಿಬಿಟ್ರಂತೆ?"

"ಇನ್ನೂ ವರದಿ ಕೊಟ್ಟಿಲ್ಲ. ನೀನು ಊಟ ಮಾಡು."

ಊಟ ಅವಳಿಗೆ ಸೇರಲಿಲ್ಲ. ಸುಳ್ಳು ಬರೆಯಲು ಕೇಳಿದ್ದಕ್ಕೆ ನಾಚಿಕೆಯಾಗಿತ್ತು. ಮರ ಪರೀಕ್ಷಿಸಿದವನು ಅದಕ್ಕೆ ಒಪ್ಪಲಿಲ್ಲವೆಂಬುದಕ್ಕೆ ಒಳಗೊಳಗೇ ಹೆಮ್ಮೆಯೂ ಆಗಿತ್ತು. ಆದರೆ ಈ ಎರಡರಿಂದಲೂ ಮರ ಉಳಿಯುವುದಿಲ್ಲವೆಂದು ತಿಳಿದು, ಅವಳು ಮನಸ್ಸನ್ನು ಬಿಗಿದುಕೊಂಡಳು.

ಮರುದಿನ ಅವನು ಸಾಮಾನು ಕಟ್ಟಲು ಬಂದಾಗ ಅವಳು ಮರದಡಿ ಕಾದಿದ್ದಳು.

"ನಿನ್ನೆ ಕೇಳಿದ್ದನ್ನ ವಾಪಸ್ ತಗೊಂಡಿದ್ದೀನಿ. ಇವತ್ತು ಬೇರೆ ಪ್ರಶ್ನೆ. ನಿಮ್ಮ ಲೆಕ್ಕ ಎಲ್ಲೆಲ್ಲಿ ತಪ್ಪಿರಬಹುದು? ನಿಜ ಎಲ್ಲಾದ್ರೂ ಬಚ್ಚಿಟ್ಕೊಂಡಿದ್ರೆ ಹುಡುಕೋಣ."

ಅವನು ಆಲೋಚಿಸಿದ. "ತಿರುಳಿಗೆ ಸರಿಯಾಗಿ ಚುಚ್ಚಿದ್ದೀನಿ. ಗೆರೆ ಎರಡು ಸಲ ಎಣಿಸಿದ್ದೀನಿ. ಎತ್ತರ ನೆಲದಿಂದ ಅಳತೆ ಮಾಡಿ..." ಮಾತು ಅಲ್ಲಿಯೇ ನಿಂತಿತು. ಅವನು ಕುಳಿತು, ಬುಡದ ಸುತ್ತ ದಪ್ಪಗೆ ಬಿದ್ದಿದ್ದ ಸೂಜಿಯೆಲೆಗಳನ್ನು ಎರಡೂ ಕೈಗಳಿಂದ ಗೋರಿ ಸರಿಸಿದ. ಕಾಂಡ ಕಂಬದಂತೆ ನೆಟ್ಟಗೆ ಮಣ್ಣಿನೊಳಕ್ಕೆ ಇಳಿದಿತ್ತು.

"ಬುಡ ಎಲ್ಲಿ?" ಎಂದ.

"ಇದೇ ಬುಡ ಅಲ್ವಾ?"

"ಬುಡ ಅಂದ್ರೆ ಬೇರಿನ ಕಡೆಗೆ ಅಗಲವಾಗ್ಬೇಕು. ಇದು ಆಗಿಲ್ಲ. ಇಲ್ಲಿ ಯಾರೋ ಮಣ್ಣು ತುಂಬಿ ನೆಲ ಎತ್ತರಿಸಿದ್ದಾರೆ. ನಾನು ಮರವನ್ನ ಪರೀಕ್ಷೆ ಮಾಡಿ ನೆಲವನ್ನ ಸುಮ್ನೆ ನಂಬಿಬಿಟ್ಟೆ."

"ಅಗೆಯೋಣ," ಎಂದಳು ಅವಳು, ಆಗಲೇ ಸೆರಗು ಸಿಕ್ಕಿಸಿಕೊಂಡು.

ಬೇರಿಗೆ ಪೆಟ್ಟಾಗದಂತೆ ಇಬ್ಬರೂ ಕರಣೆಯಿಂದ ಚೂರುಚೂರೇ ಮಣ್ಣು ಬಿಡಿಸಿದರು. ಗುಂಡಿ ಮೊಣಕೈಯಷ್ಟಾಯಿತು, ಆಮೇಲೆ ತೋಳಷ್ಟು. ಅವಳು ನೆಲಕ್ಕೆ ಒರಗಿ ಕೈ ಇಳಿಸಿ ತಡಕಿದಳು.

"ಇಲ್ಲಿ ಅಗಲ ಆಗ್ತಿದೆ."

"ಎಲ್ಲಿ?" ಅವನೂ ಕೈ ಇಳಿಸಿದ. ಕತ್ತಲ ಮಣ್ಣಿನಲ್ಲಿ ಬೇರನ್ನು ಹುಡುಕಿದ ಬೆರಳುಗಳು ಬೆರಳುಗಳನ್ನೇ ಮುಟ್ಟಿದವು. ಇಬ್ಬರಲ್ಲಿ ಯಾರೂ ಕೂಡಲೇ ಕೈ ಹಿಂದೆಗೆಯಲಿಲ್ಲ.

"ಇದು ಬೇರಲ್ಲ," ಎಂದಳು ಅವಳು.

"ಗೊತ್ತು," ಎಂದ ಅವನು.

ಬುಡದಲ್ಲಿ ಹೊಸದಾಗಿ ತೆಗೆದ ಕಡ್ಡಿಯನ್ನು ಈ ಸಲ ಅವಳೇ ಸೂಜಿಯ ತುದಿಯಿಟ್ಟು ಎಣಿಸಿದಳು. ತೊಂಬತ್ತೊಂಬತ್ತು ಗೆರೆಗಳು. ಅದರಾಚೆ, ತೊಗಟೆಗೆ ಅಂಟಿಕೊಂಡು, ತಿಳಿ ಬಣ್ಣದ ಪಟ್ಟಿಯೊಂದು. ಅದಕ್ಕಿನ್ನೂ ಕಪ್ಪು ಅಂಚು ಬಂದಿರಲಿಲ್ಲ.

"ಇದು?"

"ಈ ವರ್ಷದ್ದು. ಇನ್ನೂ ಕಟ್ತಾ ಇದೆ."

"ಅಂದ್ರೆ ನೂರನೇದು."

"ಮುಗಿದ ಮೇಲೆ ನೂರನೇದು." ಅವನ ದನಿಯಲ್ಲಿ ನೋವಿತ್ತು. "ಇವತ್ತಿಗೆ ನಾನು ತೊಂಬತ್ತೊಂಬತ್ತು ಅಂತಲೇ ಬರೀಬೇಕು."

"ಬರೀರಿ. ನಿಜವನ್ನೇ ಬರೀರಿ. ಆ ಗೆರೆ ಮುಗಿಯೋವರೆಗೂ ಮರವನ್ನ ನಿಲ್ಲಿಸಿಕೊಳ್ಳೋ ಕೆಲಸ ನನ್ನದು."

ಅಣ್ಣ ತೆರೆದ ನಕ್ಷೆಯ ಮೇಲೆ ತಂಗಿ ಅಂಗೈಯೂರಿದಳು. "ತಳಪಾಯ ಆ ಕೊನೆಯಿಂದ ಶುರು ಮಾಡು. ಮರದ ಹತ್ರ ಬರೋಷ್ಟೊತ್ತಿಗೆ ಚಳಿಗಾಲ."

"ಪುಟ್ಟಿ, ಕಟ್ಟಡ ಅಳತೆ ಪ್ರಕಾರ ಏಳುತ್ತೆ, ನಿನ್ನ ಹಟದ ಪ್ರಕಾರ ಅಲ್ಲ."

"ಅಳತೆ ಅದೇ ಇರಲಿ. ಶುರು ಮಾಡೋ ಕಡೆ ಮಾತ್ರ ಬದಲಾಗಲಿ."

"ಆಗಲೂ ನೂರು ಬರಲಿಲ್ಲ ಅಂದ್ರೆ?"

"ಕೊಡಲಿ ನಾನೇ ತಂದುಕೊಡ್ತೀನಿ. ಬಂದ್ರೆ, ಮರ ಉಳಿಯೋ ಹಾಗೆ ನೀನು ಗೋಡೆ ಬಗ್ಗಿಸ್ಬೇಕು."

ಅಣ್ಣ ಪೆನ್ಸಿಲನ್ನು ನಕ್ಷೆಯ ಇನ್ನೊಂದು ತುದಿಗೆ ಒಯ್ದ.

ವರದಿ ಒಪ್ಪಿಸಿ ಅವನು ಬೇರೆ ಊರಿನ ಮರಗಳ ಕೆಲಸಕ್ಕೆ ಹೊರಟುನಿಂತಾಗ ಅವಳು ಗೇಟಿನವರೆಗೆ ಬಂದಳು.

"ಬರ್ತೀರಲ್ಲ?"

"ಮರಕ್ಕೋಸ್ಕರ ಒಂದು ಸಲ ಬರಲೇಬೇಕು. ನಿಮ್ಮನ್ನ ನೋಡಿದ್ರೆ ಹೋಗೋದೇ ಬೇಡ ಅನ್ಸುತ್ತೆ."

"ಹೋಗಿ ಬನ್ನಿ. ಇಲ್ಲೇ ಉಳಿದ್ರೆ ನನ್ನ ಕಡೆಯವರು ಅಂತ ಅಣ್ಣ ನಿಮ್ಮ ಲೆಕ್ಕವನ್ನ ನಂಬಲ್ಲ."

ಆ ದಿನಗಳಲ್ಲಿ ಗೋಡೆಗಳು ಒಂದೊಂದೇ ಸಾಲು ಏರಿದವು. ತೊಗಟೆಯ ಮರೆಯಲ್ಲಿ ಮರ ತನ್ನ ಕೆಲಸ ನಡೆಸಿತ್ತು. ಅವಳೂ ಅದರಂತೆಯೇ, ಯಾರಿಗೂ ಕಾಣಗೊಡದೆ, ತನ್ನೊಳಗಿನ ಒಂದು ನಿಶ್ಚಯವನ್ನು ದಿನದಿನವೂ ಗಟ್ಟಿಗೊಳಿಸುತ್ತಿದ್ದಳು. ಫೋನಿನಲ್ಲಿ ಅವನು ಮರದ ಯೋಗಕ್ಷೇಮ ಕೇಳುತ್ತಿದ್ದ. ಮರ ಚೆನ್ನಾಗಿದೆ ಎನ್ನಲು ಅವಳಿಗೆ ಗಂಟೆಗಟ್ಟಲೆ ಹಿಡಿಯುತ್ತಿತ್ತು.

ಚಳಿ ಬಿದ್ದ ಮೇಲೆ ಅವನು ಬಂದ. ಹೊಸ ಗೋಡೆ ಮರದ ಹತ್ತಿರಕ್ಕೆ ಬಂದಿತ್ತು. ಅಣ್ಣ ಅದರ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ. ಬಂದವನು ಚೀಲ ಬಿಚ್ಚುವ ಮೊದಲೇ ಅವಳು ಅಣ್ಣನಿಗೆ ಕೇಳಿಸದಂತೆ ದನಿ ತಗ್ಗಿಸಿ ತಡೆದಳು.

"ಮುಟ್ಟಬೇಡಿ. ಮೊದಲು ನಾನು ಹೇಳೋದಿದೆ. ಎಷ್ಟೇ ಬರಲಿ, ನಾನು ಮದುವೆ ಆಗೋದು ನಿಮ್ಮನ್ನೇ. ನೂರು ಬಂದ ಖುಷಿಗೆ ಒಪ್ಪಿದ್ಲು ಅಂತ ಆಗಬಾರದು. ಬರಲಿಲ್ಲ ಅಂದ್ರೆ, ದುಃಖಕ್ಕೆ ಒಪ್ಪಿದ್ಲು ಅಂತಲೂ ಆಗಬಾರದು. ಅದಕ್ಕೇ ಈಗಲೇ ಹೇಳಿದ್ದು."

ಅವನು ಚೀಲವನ್ನು ಮೆಲ್ಲಗೆ ನೆಲಕ್ಕಿಟ್ಟ. "ನಾನು ದಾರಿಯುದ್ದಕ್ಕೂ ಏನೇನೋ ಜೋಡಿಸ್ಕೊಂಡು ಬಂದಿದ್ದೆ," ಎಂದ. "ಈಗ ಒಂದೇ ಮಾತು ಉಳಿದಿದೆ. ಹೂಂ."

ತೊಗಟೆಯಿಂದ ಬೆರಳಷ್ಟು ಆಳ ಸಾಕಾಗಿತ್ತು. ಕಡ್ಡಿಯನ್ನು ತೆಗೆದು, ಭೂತಗನ್ನಡಿಯನ್ನು ಅವನು ಅವಳ ಕೈಗಿತ್ತ. "ನೀವೇ ನೋಡಿ. ಇವತ್ತು ನನ್ನ ಕಣ್ಣನ್ನ ನಾನೇ ನಂಬಲ್ಲ."

ಅವಳು ಬಾಗಿ ನೋಡಿದಳು. ಉಸಿರು ಬಿಗಿಹಿಡಿದು ಮತ್ತೊಮ್ಮೆ ನೋಡಿದಳು. ತೊಗಟೆಯ ಒಳ ಅಂಚಿಗೆ ಕಪ್ಪು ಗೆರೆಯೊಂದು ಎಲ್ಲಿಯೂ ಹರಿಯದೆ, ಸ್ಫುಟವಾಗಿ ನಿಂತಿತ್ತು. ಕಡ್ಡಿಯನ್ನು ಅವನಿಗೆ ತೋರಿಸಿದಳು. ಅವನು ಬಹಳ ಹೊತ್ತು ಪರೀಕ್ಷಿಸಿ, ತಲೆಯಾಡಿಸಿದ.

"ಏನಂತೆ?" ಎಂದ ಅಣ್ಣ.

"ಗೋಡೆ ಬಗ್ಗಿಸು ಅಣ್ಣ," ಎಂದಳು ತಂಗಿ. "ಆಮೇಲೆ ಇವರ ಜೊತೆ ಸ್ವಲ್ಪ ಕೂತು ಮಾತಾಡು. ಅದು ಮರದ ವಿಷಯ ಅಲ್ಲ."