ಚಾಕ್ ಹಿಡಿದವನು ಮಾತಾಡಬಾರದು

ಅವನು ಹುಬ್ಬು ಹಾರಿಸಿದ್ದು ನನ್ನನ್ನು ಅಣಕಿಸಲೆಂದೇ ಎಂದು ಮೊದಲ ದಿನವೇ ತೀರ್ಮಾನಿಸಿಬಿಟ್ಟಿದ್ದೆ.

ಡಿಫರೆನ್ಶಿಯಲ್ ಇಕ್ವೇಷನ್ಸ್ ಕಲಿಸುವ ನಮ್ಮ ಮೇಷ್ಟ್ರದ್ದು ಒಂದು ವಿಚಿತ್ರ ಪದ್ಧತಿ. ಬೋರ್ಡಿನ ಮುಂದೆ ಇಬ್ಬರು ನಿಲ್ಲಬೇಕು. ಒಬ್ಬರು ಕೈ ಕಟ್ಟಿಕೊಂಡು ಲೆಕ್ಕವನ್ನು ಬಾಯಲ್ಲಿ ಹೇಳಬೇಕು. ಇನ್ನೊಬ್ಬರು ಚಾಕ್ ಹಿಡಿದು, ಹೇಳಿದ್ದನ್ನಷ್ಟೇ ಬರೆಯಬೇಕು. ತಪ್ಪು ಕಂಡರೂ ತುಟಿ ಬಿಚ್ಚುವಂತಿಲ್ಲ. ಪ್ರತಿ ಸಾಲಿಗೂ ಮೇಷ್ಟ್ರು ಹಿಂದಿನ ಬೆಂಚಿನಿಂದ "ಯಾಕೆ?" ಎನ್ನುತ್ತಾರೆ. ಕಾರಣ ಕೊಡದೆ ಮುಂದಿನ ಸಾಲಿಗೆ ಹೋಗುವಂತಿಲ್ಲ.

ನನಗೆ ಜೋಡಿಯಾಗಿ ಸಿಕ್ಕವನು ಕಿಟಕಿ ಪಕ್ಕದ ಹುಡುಗ. ಹಾಜರಿ ಕೂಗಿದಾಗ ಮಾತ್ರ ಅವನಿಗೂ ದನಿಯಿದೆ ಎಂದು ಕ್ಲಾಸಿಗೆ ಗೊತ್ತಾಗುತ್ತಿತ್ತು. ಎಲ್ಲರೂ ಅವನನ್ನು ಗುಮ್ಮ ಎನ್ನುತ್ತಿದ್ದರು. ನನಗಿಟ್ಟ ಹೆಸರು ರೇಡಿಯೋ. ಯಾಕೆಂದು ವಿವರಿಸಬೇಕಿಲ್ಲ.

"ಡಿವೈ ಬೈ ಡಿಎಕ್ಸ್ ಈಕ್ವಲ್ ಟು ವೈ ಸ್ಕ್ವೇರ್. ಎರಡೂ ಕಡೆ ವೈ ಸ್ಕ್ವೇರ್‌ನಿಂದ ಭಾಗಿಸು," ಎಂದೆ ನಾನು, ಜೋರಾಗಿ.

ಅವನ ಚಾಕ್ ಬೋರ್ಡಿಗೆ ತಾಗುವ ಮೊದಲು ನಿಂತಿತು. ನನ್ನ ಕಡೆ ತಿರುಗಿ ಎಡಹುಬ್ಬನ್ನು ಸ್ವಲ್ಪವೇ ಎತ್ತಿದ.

"ಏನು ನೋಡ್ತೀಯ? ಬರಿ."

ಬರೆದ. ಲೆಕ್ಕ ಮುಗಿಸಿ ನಾನು ಬೀಗುತ್ತಾ ನಿಂತಾಗ ಮೇಷ್ಟ್ರು ಕೇಳಿದರು: "ವೈ ಸೊನ್ನೆ ಆಗಿದ್ರೆ ಏನಮ್ಮ ಗತಿ? ಸೊನ್ನೆಯಿಂದ ಭಾಗಿಸ್ತೀಯಾ? ಅದೂ ಒಂದು ಉತ್ತರಾನೇ. ಪಾಪ, ಅದನ್ನ ಬಾಗಿಲಾಚೆ ನಿಲ್ಲಿಸಿ ಬಂದಿದ್ದೀಯಲ್ಲ."

ಕ್ಲಾಸು ಗೊಳ್ಳೆಂದಿತು. ಹೊರಗೆ ಬಂದವಳೇ ಅವನ ಮೇಲೆ ಹರಿಹಾಯ್ದೆ.

"ತಪ್ಪು ಅಂತ ಗೊತ್ತಿತ್ತು ತಾನೇ? ಹುಬ್ಬು ಹಾರಿಸ್ಕೊಂಡು ಮಜಾ ತಗೊಂಡ್ಯಾ?"

"ಬಾಯಿ ಬಿಡೋ ಹಾಗಿರಲಿಲ್ಲ," ಎಂದ ಅವನು. "ಹುಬ್ಬಿಗೆ ಏನೂ ರೂಲ್ಸ್ ಇರಲಿಲ್ಲ."

ನಗಬಾರದೆಂದುಕೊಂಡರೂ ನಕ್ಕುಬಿಟ್ಟೆ.

ಅಲ್ಲಿಂದ ಆ ಮುಖವನ್ನು ಓದುವುದೇ ನನ್ನ ಓದಾಯಿತು. ಎಡಹುಬ್ಬು ಎದ್ದರೆ ಸೊನ್ನೆಯನ್ನು ಮರೆತಿದ್ದೇನೆ. ಎರಡೂ ಎದ್ದರೆ ಪ್ಲಸ್ ಮೈನಸ್ ಅದಲುಬದಲು. ಕೆಳತುಟಿ ಕಚ್ಚಿದರೆ ಕಾನ್‌ಸ್ಟಂಟ್ ಬಿಟ್ಟಿದ್ದೇನೆ. ಲೆಕ್ಕ ಸರಿಯಿದ್ದರೆ ಮಾತ್ರ ಅವನು ನನ್ನತ್ತ ನೋಡುತ್ತಲೇ ಇರಲಿಲ್ಲ, ಬೋರ್ಡಿಗೆ ಮುಖ ಮಾಡಿ ಸುಮ್ಮನೆ ಬರೆದುಕೊಂಡು ಹೋಗುತ್ತಿದ್ದ.

ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ಬೇಕೆಂದೇ ತಪ್ಪು ಹೇಳತೊಡಗಿದೆ.

"ಬರೋ ಲೆಕ್ಕಾನೂ ತಪ್ಪುತ್ತಲ್ಲಮ್ಮ ನಿಂಗೆ," ಎಂದು ಮೇಷ್ಟ್ರು ತಲೆ ಚಚ್ಚಿಕೊಂಡರು. ಅವರಿಗೇನು ಗೊತ್ತು! ಆ ಕಂದುಗಣ್ಣು ನನ್ನ ಮೇಲೆ ಅರೆಗಳಿಗೆ ನಿಲ್ಲಲೆಂದು ನಾನು ಅಂಕವನ್ನೆಲ್ಲ ಗಾಳಿಗೆ ತೂರಲು ಸಿದ್ಧಳಿದ್ದೆ.

ಒಂದು ಸಂಜೆ ಕ್ಯಾಂಟೀನಿನಲ್ಲಿ ಎದುರುಬದುರು ಕೂತಿದ್ದೆವು. ಟೀ ಆರುವ ಲೆಕ್ಕವೇ ಅಂದಿನ ಹೋಮ್‌ವರ್ಕ್.

"ಇದು ರೂಮಿನಷ್ಟೇ ತಣ್ಣಗಾಗೋಕೆ ಎಷ್ಟು ಹೊತ್ತು ಬೇಕು?" ಎಂದು ಕೇಳಿದೆ.

"ಇಕ್ವೇಷನ್ ಪ್ರಕಾರ ಯಾವತ್ತೂ ಆಗಲ್ಲ. ಹತ್ತಿರ ಹತ್ತಿರ ಹೋಗ್ತಾನೇ ಇರುತ್ತೆ."

"ಮುಟ್ಟೋದೇ ಇಲ್ವಾ?"

"ಇಲ್ಲ."

ಮೇಜಿನ ಮೇಲೆ ಅವನ ಬೆರಳುಗಳು ನನ್ನ ಬೆರಳಿನ ಪಕ್ಕದಲ್ಲೇ ಇದ್ದವು. ನಡುವೆ ಒಂದು ಚಮಚ ಇಡುವಷ್ಟು ಜಾಗ. ಅವನೂ ಸರಿಸಲಿಲ್ಲ, ನಾನೂ ಸರಿಸಲಿಲ್ಲ.

"ಪರೀಕ್ಷೆ ಆದ್ಮೇಲೆ ನಾನು ಇಲ್ಲಿರಲ್ಲ," ಎಂದ ಇದ್ದಕ್ಕಿದ್ದಂತೆ. "ಸಮುದ್ರದ ಅಲೆಗಳ ಬಗ್ಗೆ ಓದ್ಬೇಕು ಅಂತ ಚಿಕ್ಕಂದಿನಿಂದ ಆಸೆ. ಸೋದರಮಾವನ ಊರಿನ ಯೂನಿವರ್ಸಿಟೀಲಿ ಸೀಟು ಸಿಕ್ಕಿದೆ. ಎರಡು ವರ್ಷ."

"ಕಂಗ್ರಾಟ್ಸ್ ಕಣೋ!" ಎಂದೆ, ಪಕ್ಕದ ಮೇಜಿನವರು ತಿರುಗಿ ನೋಡುವಷ್ಟು ಜೋರಾಗಿ. ಆಮೇಲೆ ಏನು ಮಾಡಬೇಕೆಂದು ತೋಚದೆ ಟೀಯನ್ನು ಒಂದೇ ಗುಟುಕಿಗೆ ಕುಡಿದೆ.

"ಯಾಕೆ ಮುಖ ಊದಿಸ್ಕೊಂಡಿದ್ದೀಯ?" ಮನೆಯಲ್ಲಿ ಅಕ್ಕ ಕೇಳಿದಳು.

"ನಾಲಿಗೆ ಸುಟ್ಟಿದೆ."

"ನಾಲಿಗೆ ಸುಟ್ರೆ ಕಣ್ಣು ಕೆಂಪಗಾಗುತ್ತಾ? ಹೇಳಿಬಿಡೇ ಅವನಿಗೆ. ಊರವರ ಸುದ್ದಿಯೆಲ್ಲಾ ಮಾತಾಡ್ತೀಯ, ಇದೊಂದಕ್ಕೆ ಬಾಯಿಗೆ ಬೀಗ."

ಪರೀಕ್ಷೆಯ ಹಿಂದಿನ ದಿನ ಖಾಲಿ ಕ್ಲಾಸಿನಲ್ಲಿ ಕೊನೆಯ ಸಲ ಅಭ್ಯಾಸಕ್ಕೆ ನಿಂತೆವು. ಕಿಟಕಿಯ ಬಿಸಿಲು ಬೋರ್ಡಿನ ಅರ್ಧಕ್ಕೆ ಬಂದಿತ್ತು. ಒಂದಾದಮೇಲೊಂದು ಲೆಕ್ಕ ಹೇಳಿದೆ, ಎಲ್ಲವೂ ಸರಿ. ಅವನು ತಿರುಗಲೇ ಇಲ್ಲ. ಆ ಬೆನ್ನನ್ನೇ ನೋಡುತ್ತಾ ನಿಂತೆ.

"ಬರಿ," ಎಂದೆ. "ಹೋಗಬೇಡ."

ಚಾಕ್ ನಿಂತಿತು. ಆಮೇಲೆ ನಿಧಾನವಾಗಿ, ದುಂಡಗಿನ ಅಕ್ಷರದಲ್ಲಿ ಬರೆಯಿತು. ಹೋಗಬೇಡ.

ನಾಚಿಕೆಯಿಂದ ಭೂಮಿಗಿಳಿದುಹೋದೆ. "ತಮಾಷೆಗೆ ಅಂದೆ. ಅಳಿಸು."

"ಅಳಿಸಲ್ಲ."

"ಚಾಕ್ ಹಿಡಿದವನು ಮಾತಾಡಬಾರದು."

"ಗೊತ್ತು," ಎಂದು ತಿರುಗಿದ. ಹುಬ್ಬು ಏಳಲಿಲ್ಲ, ತುಟಿ ಕಚ್ಚಲಿಲ್ಲ. ಆ ಮುಖವನ್ನು ಓದಲು ನನಗೆ ಆಗಲೇ ಇಲ್ಲ. "ಯಾಕೆ ಹೋಗಬಾರದು? ಕಾರಣ ಹೇಳು."

ನಾನು ಬೆಂಚಿನ ಮೇಲಿನ ನೋಟ್ಸ್ ಜೋಡಿಸತೊಡಗಿದೆ.

"ಸರಿ, ನಂದು ನಾನು ಹೇಳ್ತೀನಿ. ನೀನು ಬೇಕಂತಲೇ ತಪ್ಪು ಹೇಳ್ತಿದ್ಯಲ್ಲ, ನನಗೆ ಎರಡನೇ ವಾರದಲ್ಲೇ ಗೊತ್ತಾಗಿತ್ತು. ಮೇಷ್ಟ್ರ ಹತ್ರ ಹೇಳಿ ಜೋಡಿ ಬದಲಾಯಿಸ್ಕೋಬಹುದಿತ್ತು. ಮಾಡಲಿಲ್ಲ. ರಾತ್ರಿ ಮಲಗೋವಾಗ, ನಾಳೆ ಏನು ತಪ್ಪು ಹೇಳ್ತಾಳೋ ಅಂತ ಕಾಯ್ತಿದ್ದೆ. ನೀನಂದ್ರೆ ನಂಗೆ ಪ್ರಾಣ ಕಣೇ. ಆದ್ರೆ ಸಮುದ್ರಾನೂ ಬೇಕು. ಎರಡನ್ನೂ ಹೆಂಗೆ ಹಿಡ್ಕೊಳ್ಳೋದು ಅಂತ ಗೊತ್ತಾಗ್ತಿಲ್ಲ." ಚಾಕನ್ನು ಕೆಳಗಿಟ್ಟ. "ನಿಂಗೆ?"

"ಬಸ್ಸಿಗೆ ಹೊತ್ತಾಯ್ತು," ಎಂದು ಬ್ಯಾಗು ಎತ್ತಿಕೊಂಡು ಓಡಿಬಂದೆ. ನನ್ನಂಥ ಹೇಡಿ ಇನ್ನೊಬ್ಬಳಿಲ್ಲ. ಅವನು ಹಿಂದೆ ಬರಲಿಲ್ಲ.

ಪರೀಕ್ಷೆ ಮುಗಿಯಿತು. ಅವನು ಹೊರಡುವ ಬೆಳಿಗ್ಗೆ ಬಸ್ ಸ್ಟ್ಯಾಂಡಿಗೆ ಹೋದೆ, ಅಕ್ಕನ ಬೈಗುಳದ ಬಲದಿಂದ. ಗುಮ್ಮನಂಥ ಗುಮ್ಮನೇ ಅಂದು ಎಡೆಬಿಡದೆ ಮಾತಾಡುತ್ತಿದ್ದ: ಮಾವನ ಮನೆಯ ಮಹಡಿ ರೂಮು, ಬಟ್ಟೆಯ ಜೊತೆ ತುರುಕಿದ ಪುಸ್ತಕ, ಹಲ್ಲುಜ್ಜುವ ಬ್ರಷ್ ಮರೆತದ್ದು. ನಡುನಡುವೆ ಮಾತು ನಿಲ್ಲಿಸಿ ನನ್ನನ್ನು ನೋಡುತ್ತಿದ್ದ. ನಾನು ತಲೆಯಾಡಿಸುತ್ತಿದ್ದೆ.

ಬಸ್ಸು ಹತ್ತಿದ. ಇಂಜಿನ್ ಶುರುವಾಯಿತು. ಕಿಟಕಿಯಲ್ಲಿ ಆ ಮುಖ ಚಿಕ್ಕದಾಗಿ, ಕಾದು ಸೋತಂತೆ ಕಂಡಿತು. ಇನ್ನೇನು ಚಕ್ರ ಉರುಳಬೇಕು, ನನಗೆ ತಡೆಯಲಾಗಲಿಲ್ಲ.

"ಲೋ, ನಾನೂ ನಿನ್ನ ಪ್ರೀತಿಸ್ತೀನಿ ಕಣೋ! ಮೊದಲಿಂದಾನೂ! ನೀನು ಹೋಗು, ಓದು, ಆಮೇಲೆ ನನ್ನ ಹತ್ರ ಬಾ!"

ಹೂಂಕರಿಸುತ್ತಿದ್ದ ಬಸ್ಸಿನ ಅಷ್ಟೂ ಕಿಟಕಿಗಳು ನನ್ನ ಕಡೆ ತಿರುಗಿದವು. ಕಂಡಕ್ಟರು ಬಾಗಿಲಿನಿಂದ ಬಗ್ಗಿ ಕೇಳಿದ: "ಹೇಳೋದೆಲ್ಲಾ ಆಯ್ತಾ ತಾಯಿ? ಬಸ್ಸು ಬಿಡಬಹುದಾ?"

ಅವನು ಕಿಟಕಿಯಿಂದ ಅರ್ಧ ಹೊರಬಂದು ನಗುತ್ತಿದ್ದ. ಕಣ್ಣು ಒದ್ದೆಯಾಗಿತ್ತು. "ಇನ್ನೊಂದ್ಸಲ ಹೇಳೇ!"

"ರಜೆಗೆ ಬಾ, ಹೇಳ್ತೀನಿ."

ಬಸ್ಸು ತಿರುವಿನಲ್ಲಿ ಮರೆಯಾಯಿತು. ರಜೆ ಬಲು ದೂರವಿತ್ತು. ನಾನು ಅಲ್ಲೇ ನಿಂತು, ಯಾರಿಗೂ ಕೇಳಿಸದಂತೆ, ಅದನ್ನೇ ಮತ್ತೊಮ್ಮೆ ಹೇಳಿದೆ.